ಎಡಕ್ಕೆ ಬಾಗಿದ ಹ್ಯಾಂಡಲ್

ನನ್ನ ಗಂಡ ಹೋದ ಮೇಲೆ ಅವನ ಬೈಕು ತಾಂಬರಂನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಬೂದು ಬಣ್ಣದ ಹೊದಿಕೆ ಹೊದ್ದು ನಿಂತಿತ್ತು. ದೂರದೂರಿಗೆ ಹೋಗಲೆಂದೇ ಮಾಡಿದ ಭಾರದ ಟೂರಿಂಗ್ ಬೈಕು ಅದು. ಮಾತಾಡಿಸಲು ಬಂದವರೆಲ್ಲ ಎದ್ದು ಹೊರಡುವಾಗ ‘ಅದನ್ನೊಂದು ಮಾರಿಬಿಡಮ್ಮ’ ಎಂದು ಉಪದೇಶ ಮಾಡಿ ಹೋದರು. ಉಪದೇಶ ಕೇಳಿ ತಲೆ ಆಡಿಸುವುದೂ ಸಾವಿನ ಮನೆಯ ಕೆಲಸಗಳಲ್ಲಿ ಒಂದು ಎಂದು ಅಷ್ಟರಲ್ಲಿ ನನಗೆ ಅಭ್ಯಾಸವಾಗಿತ್ತು. ಬ್ಯಾಟರಿ ಕೆಡದಿರಲಿ ಎಂದು ವಾರಕ್ಕೊಮ್ಮೆ ಕೆಳಗಿಳಿದು ಸ್ಟಾರ್ಟ್ ಮಾಡುತ್ತಿದ್ದೆ. ಒಂದು ದಿನ ಗೇಟಿನವರೆಗೆ ಓಡಿಸಿದೆ, ಇನ್ನೊಂದು ದಿನ ರೈಲ್ವೆ ಸ್ಟೇಷನ್ನಿನವರೆಗೆ. ಆಮೇಲೆ ಗಿಂಡಿಯ ನನ್ನ ಆಫೀಸಿಗೇ ಅದರಲ್ಲಿ ಹೋಗಲು ಶುರು ಮಾಡಿದೆ. ಮಂಡ್ಯದಲ್ಲಿ ಕಾಲೇಜಿಗೆ ಅಪ್ಪನ ಬೈಕು ಓಡಿಸಿಕೊಂಡು ಹೋಗಿ ಬೀದಿಯವರ ಬಾಯಿಗೆ ಬಿದ್ದವಳು ನಾನು, ಹಾಗಾಗಿ ಬೈಕು ಹೊಸದಲ್ಲ. ಆದರೆ ಇದರ ಹ್ಯಾಂಡಲ್ ಮಾತ್ರ ನನ್ನ ಕೈಗೆ ಹೇಳಿ ಮಾಡಿಸಿದ್ದಲ್ಲ.

ಕಂಪನಿಯವರು ಕೊಟ್ಟ ಹ್ಯಾಂಡಲನ್ನು ಅವನು ಕೊಂಡ ವರ್ಷವೇ ತೆಗೆದು, ತಗ್ಗಿನ ಚಪ್ಪಟೆ ಹ್ಯಾಂಡಲೊಂದನ್ನು ತರಿಸಿ ಹಾಕಿಕೊಂಡಿದ್ದ. ಸಮುದ್ರದ ಪಕ್ಕದ ರಸ್ತೆಯಲ್ಲಿ ಎದುರುಗಾಳಿಗೆ ಮುಂದಕ್ಕೆ ಬಾಗಿ ಕೂತರೆ ಆಯಾಸವಾಗುವುದಿಲ್ಲ ಎಂಬುದು ಅವನ ವಾದ. ಆಮೇಲೆ ಏಲಗಿರಿ ಬೆಟ್ಟದ ತಿರುವೊಂದರಲ್ಲಿ ಜಾರಿ ಬಿದ್ದ. ಅವನಿಗೆ ಮೊಣಕೈ ತರಚಿತು, ಹ್ಯಾಂಡಲಿನ ಎಡಗಡೆ ಕೆಳಕ್ಕೆ ಬಾಗಿತು. ಬದಲಾಯಿಸೋ ಎಂದು ಎಷ್ಟು ಬೈದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ನಂಗೆ ಸರಿಯಾಗೇ ಇದೆ’ ಎಂದು ಅದನ್ನೇ ಓಡಿಸಿದ. ಅಂದಿನಿಂದ ಬೈಕಿನ ಮೇಲೆ ಕೂತಾಗ ಅವನ ಎಡಭುಜ ತಗ್ಗಿರುತ್ತಿತ್ತು, ಮೈ ಮುಂದಕ್ಕೆ ಚಾಚಿರುತ್ತಿತ್ತು, ಎಡ ಮೊಣಕೈ ಹೊರಗೆ ತಿರುಗಿರುತ್ತಿತ್ತು. ಸಾವಿರ ಗಾಡಿಗಳ ನಡುವೆ ನಿಂತಿದ್ದರೂ ಅವನನ್ನು ದೂರದಿಂದಲೇ ಗುರುತಿಸಬಹುದಿತ್ತು.

ಆ ಹ್ಯಾಂಡಲ್ ಹಿಡಿದರೆ ಯಾರೇ ಆದರೂ ಹಾಗೆಯೇ ಕೂರಬೇಕು, ಬೇರೆ ದಾರಿಯಿಲ್ಲ. ನಾನೂ ಹಾಗೆಯೇ ಕೂತೆ. ಅವನ ಜಾಕೆಟ್ಟು, ಅವನ ಹೆಲ್ಮೆಟ್ಟು. ಹೊಸದು ಕೊಳ್ಳಲು ಮನಸ್ಸಿರಲಿಲ್ಲ. ಬಲಗೈ ಗ್ರಿಪ್ಪಿನ ರಬ್ಬರು ಅವನ ಅಂಗೈ ಇರುತ್ತಿದ್ದ ಜಾಗದಲ್ಲಿ ನುಣ್ಣಗೆ ಸವೆದಿತ್ತು. ನನ್ನ ಅಂಗೈ ಅಲ್ಲಿ ಕೂತಾಗ ಮೊದಲ ದಿನ ಪಲ್ಲಾವರಂ ಸಿಗ್ನಲ್ಲಿನಲ್ಲಿ ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ. ಅವನು ಹೋದ ಮೇಲೆ ಅವನ ಮೈಗೆ ಅಷ್ಟು ಹತ್ತಿರ ನಾನು ಇದ್ದದ್ದು ಅಲ್ಲಿ ಮಾತ್ರ.

ಒಂದು ಸದ್ದೂ ಇತ್ತು. ಗಾಡಿಯನ್ನು ಮೆಲ್ಲಗೆ ತಿರುಗಿಸುವಾಗ, ಅದರಲ್ಲೂ ಪಾರ್ಕಿಂಗಿನ ಇಳಿಜಾರಿನಲ್ಲಿ ವಾಲಿಸಿದಾಗ, ಹ್ಯಾಂಡಲಿನೊಳಗಿಂದ ಸರ್ರೆಂದು ಏನೋ ಹರಿದ ಹಾಗೆ ಕೇಳುತ್ತಿತ್ತು. ಎಡದಿಂದ ಬಲಕ್ಕೆ ಹೋಗಿ ಅಲ್ಲಿ ನಿಲ್ಲುತ್ತಿತ್ತು. ಇನ್ನೊಂದು ಕಡೆ ವಾಲಿಸಿದರೆ ವಾಪಸು ಬರುತ್ತಿತ್ತು. ಗಿಂಡಿಯ ಮೆಕ್ಯಾನಿಕ್ಕು ಮುಂದಿನ ಚಕ್ರ ಎತ್ತಿ, ಅಲ್ಲಾಡಿಸಿ, ಬೇರಿಂಗ್ ಚೆನ್ನಾಗಿದೆ ಎಂದು ಕಳಿಸಿದ. ಪಂಪುಗಳ ಡ್ರಾಯಿಂಗ್ ಮಾಡಿ ಸಂಬಳ ತಿನ್ನುವವಳು ನಾನು, ಕಬ್ಬಿಣ ಸುಮ್ಮನೆ ಪಿಸುಗುಟ್ಟುವುದಿಲ್ಲ ಎಂದು ಗೊತ್ತು. ಆದರೂ ಎಂಜಿನ್ ಆರಿಸಿ ಒಬ್ಬಳೇ ಗಾಡಿ ತಳ್ಳುವಾಗ ಆ ಸದ್ದು ಕೇಳಿದರೆ ಬೆನ್ನು ತಣ್ಣಗಾಗುತ್ತಿತ್ತು. ಮನೆಯಲ್ಲಿ ಅತ್ತೆ ಇದ್ದರು, ಅವರಿಗೂ ಹೇಳಲಿಲ್ಲ.

ನಮ್ಮತ್ತೆಯವರದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವರ ಮನೆ. ಅವರ ಕನ್ನಡದಲ್ಲಿ ಅರ್ಧ ತಮಿಳು, ನನ್ನ ಕನ್ನಡದಲ್ಲಿ ಮಂಡ್ಯದ ಒರಟು. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಮಾತಾಡಿದರೆ ಅವರ ಮಗ ನಡುವೆ ನಿಂತು ಅನುವಾದ ಮಾಡುವ ನಾಟಕವಾಡಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ. ಅವನು ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಜಗಳವಿಲ್ಲ, ಸಲಿಗೆಯೂ ಇಲ್ಲ. ಅವರು ಅಡುಗೆ ಮಾಡಿಡುತ್ತಿದ್ದರು, ನಾನು ಪಾತ್ರೆ ತೊಳೆದಿಡುತ್ತಿದ್ದೆ.

ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಅತ್ತೆ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ನಾನು ಗೇಟು ದಾಟಿ ಗಾಡಿ ನಿಲ್ಲಿಸುವವರೆಗೂ ನೋಡಿ, ನಾನು ಹೆಲ್ಮೆಟ್ಟಿನ ಪಟ್ಟಿಗೆ ಕೈ ಹಾಕುವಷ್ಟರಲ್ಲಿ ಒಳಗೆ ಹೋಗಿಬಿಡುತ್ತಿದ್ದರು. ಕಾಫಿಗೆ ಹೋದರು ಎಂದುಕೊಳ್ಳುತ್ತಿದ್ದೆ. ಮೇಲೆ ಹೋದರೆ ನಿಜಕ್ಕೂ ಕಾಫಿ ಕಾದಿರುತ್ತಿತ್ತು. ಆದರೆ ಅದರಲ್ಲಿ ಸಕ್ಕರೆ ಇರುತ್ತಿರಲಿಲ್ಲ. ನನಗೆ ಎರಡು ಚಮಚ ಬೇಕು, ಅದು ಅತ್ತೆಗೆ ಚೆನ್ನಾಗಿ ಗೊತ್ತು. ಬೆಳಗಿನ ಕಾಫಿಗೆ ತಪ್ಪದೆ ಹಾಕಿಕೊಡುತ್ತಿದ್ದರು. ಸಂಜೆಯದು ಮಾತ್ರ ಕಡುಗಪ್ಪು ಡಿಕಾಕ್ಷನ್ನಿನ, ಸಕ್ಕರೆಯಿಲ್ಲದ ಕಾಫಿ. ಹಾಗೆ ಕುಡಿಯುತ್ತಿದ್ದವನು ಅವನು. ದುಃಖದಲ್ಲಿ ಮರೆವು ಜಾಸ್ತಿಯಾಗಿದೆ ಎಂದುಕೊಂಡು ಹಾಗೇ ಕುಡಿದೆ.

ಒಂದು ಸಂಜೆ ವಾಚ್‌ಮನ್ ಗೇಟು ತೆಗೆದವನು ಸಲ್ಯೂಟ್ ಹೊಡೆದು, ಆಮೇಲೆ ನಾಲಗೆ ಕಚ್ಚಿಕೊಂಡ. “ತಪ್ಪಾ ನಿನೈಕ್ಕಾದೀಂಗಮ್ಮಾ. ದೂರತ್ತಿಲಿರುಂದು ಪಾತ್ತಾ ಸಾರ್ ಮಾದಿರಿಯೇ ಇರುಕ್ಕು” ಎಂದ. ತಪ್ಪು ತಿಳಿಯಬೇಡಿ, ದೂರದಿಂದ ನೋಡಿದರೆ ಸಾರ್ ಥರವೇ ಕಾಣುತ್ತೆ ಎಂದು ಅವನು ಹೇಳಿದಾಗ ನಾನು ತಲೆ ಎತ್ತಿ ನೋಡಿದೆ. ಮೂರನೇ ಮಹಡಿಯಲ್ಲಿ ಅತ್ತೆ ನಿಂತಿದ್ದರು. ಅವತ್ತು ಬೇಕೆಂದೇ ಹೆಲ್ಮೆಟ್ಟು ತೆಗೆಯದೆ ಗಾಡಿಯ ಮೇಲೆಯೇ ಕೂತೆ. ಅತ್ತೆಯೂ ಕದಲಲಿಲ್ಲ. ನಾನು ಎಷ್ಟು ಹೊತ್ತು ಕೂತೆನೋ ಅಷ್ಟು ಹೊತ್ತೂ ಅವರು ಕಂಬಿ ಹಿಡಿದು ನೋಡುತ್ತಲೇ ಇದ್ದರು. ಕೊನೆಗೆ ನನ್ನ ಕೈ ಗದ್ದದ ಹತ್ತಿರ ಹೋದಾಗ ಒಳಗೆ ಸರಿದರು.

ಅನುಮಾನ ಪರಿಹಾರವಾದದ್ದು ಮಳೆಯಿಂದ. ಹೆದ್ದಾರಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದ ದಿನ ಗಾಡಿ ಮನೆಯಲ್ಲೇ ಬಿಟ್ಟು ಎಲೆಕ್ಟ್ರಿಕ್ ಟ್ರೈನಿನಲ್ಲಿ ಹೋಗಿ ಬಂದೆ. ಸಂಜೆ ಕೊಡೆ ಹಿಡಿದು ನಡೆದು ಬಂದಾಗ ಬಾಲ್ಕನಿ ಖಾಲಿಯಿತ್ತು. ಅತ್ತೆ ಟೀವಿ ಮುಂದೆ ಕೂತು ಹೂ ಕಟ್ಟುತ್ತಿದ್ದರು. “ಯಾವಾಗ ಬಂದೆ?” ಎಂದು ಎದ್ದು ಹೋಗಿ ಕಾಫಿ ತಂದುಕೊಟ್ಟರು. ಅದರಲ್ಲಿ ಎರಡು ಚಮಚ ಸಕ್ಕರೆ ಇತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ಹತ್ತನೇ ದಿನದಿಂದ ಹದಿಮೂರನೇ ದಿನದವರೆಗೆ ಒಂದು ಶಾಸ್ತ್ರವನ್ನೂ ಬಿಡದೆ ಮಾಡಿಸಿ, ಮಗನನ್ನು ವೈಕುಂಠಕ್ಕೆ ಕಳಿಸಿಕೊಟ್ಟವರು ಇವರು. ಅದೇ ಮಗನನ್ನು ಪ್ರತಿ ಸಂಜೆ ಗೇಟಿನೊಳಗೆ ಬರಮಾಡಿಕೊಂಡು ಕಾಫಿಯನ್ನೂ ಕಾಯಿಸುತ್ತಿದ್ದರು. ಹಾಗಾದರೆ ನಾನು ಯಾರು? ಅವನನ್ನು ಹೊತ್ತು ತರುವ ಗಾಡಿಯ ಒಂದು ಭಾಗವೋ? ಸಿಟ್ಟಿನ ಅಡಿಯಲ್ಲಿ ಹೊಟ್ಟೆಕಿಚ್ಚೂ ಇತ್ತು, ಮುಚ್ಚಿಡುವುದೇಕೆ. ಅವರಿಗೆ ದಿನಾ ಅವನು ಕಾಣುತ್ತಿದ್ದ. ಅವನ ಹಾಗೆ ಕೂತು ಬರುತ್ತಿದ್ದ ನನಗೆ ಕಾಣುತ್ತಿದ್ದದ್ದು ಮುಂದಿನ ಬಸ್ಸಿನ ಹಿಂಭಾಗ ಅಷ್ಟೆ.

ಅಷ್ಟರಲ್ಲಿ ನನ್ನ ಎಡಗೈ ಕೆಡುತ್ತಾ ಬಂದಿತ್ತು. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದು, ಆಫೀಸಿಗೆ ಹೋಗಿ ಎಷ್ಟೋ ಹೊತ್ತಾದರೂ ಬಿಡುತ್ತಿರಲಿಲ್ಲ. ಕತ್ತಿನಿಂದ ಭುಜದವರೆಗೆ ನೋವು. ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, ನರಕ್ಕೆ ಏಟಾಗುತ್ತಿದೆ, ಹೀಗೇ ಬಿಟ್ಟರೆ ಬೆರಳಿನ ಬಲ ಹೋಗುತ್ತದೆ, ಒಂದೋ ಬೈಕು ಬಿಡು, ಇಲ್ಲವೇ ನಿನ್ನ ಅಳತೆಯ ಹ್ಯಾಂಡಲ್ ಹಾಕಿಸು ಎಂದರು. ಬೈಕು ಬಿಡುವ ಮಾತೇ ಇರಲಿಲ್ಲ. ಎತ್ತರದ, ಹಿಂದಕ್ಕೆ ಬಾಗಿದ, ನೆಟ್ಟಗೆ ಕೂತು ಹಿಡಿಯಬಹುದಾದ ಹ್ಯಾಂಡಲೊಂದನ್ನು ನೋಡಿಟ್ಟುಕೊಂಡು ಅತ್ತೆಗೆ ಹೇಳಿದೆ.

ಅವರು ಬೇಳೆ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. “ಸೀಟ್ ಬೇಕಾದ್ರೆ ಮಾತ್ತ್ಕೋ. ಕನ್ನಡಿ ಮಾತ್ತ್ಕೋ. ವಂಡಿ ಪೇಂಟೇ ಬೇಕಾದ್ರೂ ಮಾತ್ತು. ಹ್ಯಾಂಡಲ್ ಮಾತ್ರ ಬೇಡ.”

“ಕೈಗೆ ಆಗ್ತಿರೋದು ಹ್ಯಾಂಡಲಿಂದ ಕಣತ್ತೆ. ಸೀಟ್ ಬದಲಾಯಿಸಿ ಏನ್ ಮಾಡ್ಲಿ?”

“ಅವನಿಗೆ ಏನೂ ಆಗ್ಲಿಲ್ಲ ತಾನೆ.”

“ಅವನ ಕೈ ಅಷ್ಟುದ್ದ ಇತ್ತು. ನಂದು ಇಷ್ಟೇ ಇರೋದು” ಎಂದು ಎರಡೂ ಕೈ ಚಾಚಿ ತೋರಿಸಿದೆ. ನನ್ನ ದನಿ ಏರಿತ್ತು. ಅತ್ತೆ ನನ್ನ ಕೈಗಳನ್ನು ನೋಡಲಿಲ್ಲ. ಬೇಳೆಯ ಮೊರ ಎತ್ತಿಕೊಂಡು ಒಳಗೆ ಹೋದರು. ಹಲವು ದಿನ ಆ ಮಾತು ಇಬ್ಬರ ನಡುವೆ ಹಾಗೇ ಬಿದ್ದುಕೊಂಡಿತ್ತು. ನಾನು ಹಟಕ್ಕೆ ಅದೇ ಹ್ಯಾಂಡಲಿನಲ್ಲಿ ಓಡಾಡಿದೆ. ಅವರು ಹಟಕ್ಕೋ ಏನೋ ಬಾಲ್ಕನಿಯಲ್ಲಿ ನಿಂತರು.

ಒಂದು ಸಂಜೆ ಎಡಗೈಯಲ್ಲಿ ಹಿಡಿದ ಕಾಫಿ ಲೋಟ ನನಗೆ ಗೊತ್ತೇ ಆಗದೆ ಜಾರಿ ಬಿತ್ತು. ಬೆರಳಿಗೆ ಲೋಟ ಹಿಡಿದಿರುವುದೇ ತಿಳಿದಿರಲಿಲ್ಲ. ಸಕ್ಕರೆಯಿಲ್ಲದ ಬಿಸಿ ಕಾಫಿ ಕಾಲ ಮೇಲೆಲ್ಲ ಚೆಲ್ಲಿತು. ಅತ್ತೆ ಬಟ್ಟೆ ತಂದು ನೆಲ ಒರೆಸಿದರು, ನನ್ನ ಪಾದ ಒರೆಸಿದರು, ಆಮೇಲೆ ನನ್ನ ಎಡಗೈ ಹಿಡಿದು ಕಿರುಬೆರಳನ್ನು ಒತ್ತಿದರು. “ತಿಳಿಯತ್ತಾ?” ಎಂದರು. ಇಲ್ಲ ಎಂದೆ. ಇನ್ನೂ ಗಟ್ಟಿಯಾಗಿ ಒತ್ತಿದರು. ಇಲ್ಲ ಎಂದೆ. ಅವರು ಒದ್ದೆ ಬಟ್ಟೆ ಎತ್ತಿಕೊಂಡು ಎದ್ದು ಹೋದರು. ಮಾರನೆಯ ಬೆಳಿಗ್ಗೆ ನನಗೆ ಬೆನ್ನು ಹಾಕಿ ಒಗ್ಗರಣೆ ಹಾಕುತ್ತಾ, “ಹೊಸಾದು ತರಿಸ್ಕೋ” ಎಂದರು.

ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ ಒಂದು ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಚಳಿ ಎಂದು ಚೆನ್ನೈನವರು ಕರೆಯುವ ಹವೆ. ಸ್ಪ್ಯಾನರ್, ಅಲೆನ್ ಕೀ, ಸೋಪಿನ ನೀರು, ಹಳೇ ಬಟ್ಟೆ ಎಲ್ಲ ಹರವಿಕೊಂಡು ಟ್ಯಾಂಕಿನ ಮೇಲೆ ಕಂಬಳಿ ಮಡಿಸಿ ಹಾಕುತ್ತಿದ್ದೆ. ಲಿಫ್ಟಿನ ಬಾಗಿಲು ತೆರೆದು ಅತ್ತೆ ಬಂದರು. ಕೈಯಲ್ಲಿ ಅಡುಗೆಮನೆಯ ಪ್ಲಾಸ್ಟಿಕ್ ಸ್ಟೂಲು. ನನಗೆ ಆಶ್ಚರ್ಯವಾಯಿತು, ಕಿರಿಕಿರಿಯೂ ಆಯಿತು.

“ನೀವ್ಯಾಕೆ ಬಂದ್ರಿ? ಧೂಳು ಇಲ್ಲಿ.”

“ಒಬ್ಬಳೇ ಹೆಂಗೆ ಮಾಡ್ತೀ? ಅವನು ಇದನ್ನ ಮಾತ್ತುವಾಗ ನಾನೇ ಕೂಡ ಇದ್ದೆ. ಬ್ರೇಕ್ ಎಣ್ಣೆ ಡಬ್ಬಿ ನೇರಾಗಿ ಹಿಡ್ಕೋಬೇಕು. ಕೊಂಜ ವಾಲಿದ್ರೂ ಒಳಗೆ ಗಾಳಿ ಹೋಗತ್ತೆ ಅಂದಿದ್ದ.”

ಅದು ನಿಜ. ಬ್ರೇಕಿನ ಆ ಪುಟ್ಟ ಡಬ್ಬಿಯನ್ನು ಹ್ಯಾಂಡಲಿನಿಂದ ಬಿಚ್ಚಿ ಕೈಗೆ ಕೊಟ್ಟೆ. ತೀರ್ಥದ ಬಟ್ಟಲು ಹಿಡಿದವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತರು. ನಾನು ಕ್ಲಚ್ಚು, ಸ್ವಿಚ್ಚುಗಳು, ಕನ್ನಡಿ ಒಂದೊಂದಾಗಿ ಬಿಚ್ಚಿದೆ. ಗ್ರಿಪ್ಪನ್ನು ಕೊಯ್ದು ತೆಗೆಯುವುದು ಸುಲಭ, ಹೊಸದು ಹಾಕುವವರು ಹಾಗೇ ಮಾಡುತ್ತಾರೆ. ಆದರೆ ನಾನು ಚಾಕು ತಂದೇ ಇರಲಿಲ್ಲ. ಸೈಕಲ್ ಚಕ್ರದ ಕಡ್ಡಿಯನ್ನು ಸೋಪಿನ ನೀರಲ್ಲಿ ಅದ್ದಿ ರಬ್ಬರಿನ ಅಡಿಗೆ ತೂರಿಸಿ, ಮೆಲ್ಲಗೆ ಬಿಡಿಸಿಕೊಂಡು ಎಡಗೈಯದನ್ನು ಎಳೆದೆ. ಆ ಸವೆದ ರಬ್ಬರನ್ನೇ ಹೊಸ ಹ್ಯಾಂಡಲಿಗೂ ಹಾಕುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಬಲಗಡೆಯದು ಆಕ್ಸಿಲರೇಟರಿನ ಕೊಳವೆಯ ಜೊತೆಗೇ ಬರಬೇಕು. ಅದಕ್ಕೆ ತುದಿಯ ಕಬ್ಬಿಣದ ಗುಂಡು ಬಿಚ್ಚಬೇಕು. ಬಿಚ್ಚಿದೆ. ಕ್ಲ್ಯಾಂಪಿನ ಬೋಲ್ಟುಗಳನ್ನೂ ತೆಗೆದು ಹ್ಯಾಂಡಲನ್ನು ಎತ್ತಿದೆ.

“ಏಯ್, ಅಡ್ಡ ಹಿಡಿ, ವಾಲಿಸ್ಬೇಡ” ಎಂದರು ಅತ್ತೆ.

ಅವರು ಹೇಳಿ ಮುಗಿಸುವ ಮುಂಚೆ ನಾನು ವಾಲಿಸಿದ್ದೆ. ಸರ್ರೆಂದು ಅದೇ ಸದ್ದು ನನ್ನ ಕೈಯೊಳಗೇ ಹರಿಯಿತು. ತುದಿಯ ತೂತಿನಿಂದ ಅಕ್ಕಿಕಾಳು ಸುರಿದು ಪಾರ್ಕಿಂಗಿನ ನೆಲದ ಮೇಲೆಲ್ಲ ಚದುರಿತು. ಕೆಂಪಗಿನ ಕಾಳು, ಅದರ ಜೊತೆಗೆ ತುಕ್ಕಿನ ಪುಡಿ. ಮಂತ್ರಾಕ್ಷತೆ. ಇಷ್ಟು ದಿನ ನನ್ನ ಹಿಂದೆ ಮುಂದೆ ಸುಳಿದ ಸದ್ದು ಇಷ್ಟೇ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇನ್ನೂ ಹೆದರಿಕೆಯಾಯಿತು.

ಅತ್ತೆಯ ಕೈಯಲ್ಲಿ ಡಬ್ಬಿ ಇತ್ತು, ಏಳುವಂತಿಲ್ಲ. ಕೂತಲ್ಲಿಂದಲೇ ಹೇಳಿದರು. ಅವನು ಪ್ರತಿ ಸಲ ದೂರದ ಪ್ರಯಾಣ ಹೊರಟಾಗ ಅವರು ಮಠದ ಮಂತ್ರಾಕ್ಷತೆ ಒಂದು ಚಿಟಿಕೆ ಕೊಡುತ್ತಿದ್ದರಂತೆ. ಜೇಬಿನಲ್ಲಿಟ್ಟರೆ ಬಟ್ಟೆಯ ಜೊತೆ ಒಗೆದುಹೋಗುತ್ತದೆ, ಗಾಡಿಯ ಪೆಟ್ಟಿಗೆಯಲ್ಲಿಟ್ಟರೆ ಶೂ ಇಡುವ ಜಾಗ. ಇನ್ನೆಲ್ಲಿಡುವುದು ಎಂದು ಯೋಚಿಸಿ, ಹ್ಯಾಂಡಲಿನ ತುದಿ ಬಿಚ್ಚಿ ಒಳಗೆ ಸುರಿದುಕೊಳ್ಳುತ್ತಿದ್ದನಂತೆ. ದೇವರು ದಿಂಡರು ಎಂದರೆ ನಗುತ್ತಿದ್ದವನು, ನನ್ನ ಮುಂದೆ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಪುಣ್ಯಾತ್ಮ, ಕೊಳವೆಯೊಳಗೆಲ್ಲ ತುಕ್ಕು ಹಿಡಿಸಿದ್ದ.

“ನಂಗೆ ಯಾಕೆ ಹೇಳ್ಲಿಲ್ಲ ಅತ್ತೆ? ಆ ಸದ್ದು ಕೇಳಿ ಕೇಳಿ ಸತ್ತೆ ನಾನು.”

“ಹೇಳಿದ್ರೆ ತೆಗೆದುಬಿಡ್ತಿದ್ದೆ.”

ಮಂತ್ರಾಕ್ಷತೆಯನ್ನು ಕಾಲಿಗೆ ಸಿಗುವಂತೆ ಬಿಡಬಾರದು. ಡಬ್ಬಿಯನ್ನು ಗಾಡಿಗೆ ನೆಟ್ಟಗೆ ಕಟ್ಟಿ ಇಬ್ಬರೂ ನೆಲದ ಮೇಲೆ ಕೂತೆವು. ಎದುರಿನ ಮನೆಯ ಕಾರಿನ ಎಣ್ಣೆ ಸೋರಿದ ಕಲೆಯಲ್ಲಿ, ಚಕ್ರದ ಅಡಿಯಲ್ಲಿ, ಮೋರಿಯ ಜಾಲರಿಯ ಅಂಚಿನಲ್ಲಿ ಬಿದ್ದದ್ದನ್ನೆಲ್ಲ ಉಗುರಲ್ಲಿ ಎತ್ತಿದೆವು. ನನ್ನ ಎಡಗೈ ಬೆರಳಿಗೆ ಕಾಳು ಸಿಕ್ಕರೂ ಸಿಕ್ಕಿದ್ದು ತಿಳಿಯುತ್ತಿರಲಿಲ್ಲ, ಬಲಗೈಯಲ್ಲೇ ಆರಿಸಿದೆ. ಅತ್ತೆ ಎಲ್ಲವನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

ಆಮೇಲೆ ನಾನು ಹೊಸ ಹ್ಯಾಂಡಲನ್ನು ಕ್ಲ್ಯಾಂಪಿನಲ್ಲಿ ಕೂರಿಸಿ ನೇರ ನೋಡುತ್ತಿದ್ದೆ. ಮುಂದಿನ ಬೋಲ್ಟು ಮೊದಲು, ಹಿಂದಿನದು ಆಮೇಲೆ. ಎದ್ದು ಬಗ್ಗಿ ಕಣ್ಣಳತೆ ಮಾಡುವಾಗ ಆ ಕಡೆ ಕಣ್ಣು ಹೋಯಿತು. ಅತ್ತೆ ಸ್ಟೂಲಿನ ಮೇಲೆ ಕೂತು ಹಳೇ ಹ್ಯಾಂಡಲನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡಿದ್ದರು. ಒರೆಸಿ ಮುಗಿಸಿ ಎರಡೂ ತುದಿಗಳನ್ನು ಎರಡು ಕೈಯಲ್ಲಿ ಹಿಡಿದಿದ್ದರು. ಬಾಗಿದ ಎಡತುದಿಯನ್ನು ಹಿಡಿಯಲು ಅವರ ಎಡಭುಜ ತಗ್ಗಿತ್ತು, ಮೈ ಮುಂದಕ್ಕೆ ಚಾಚಿತ್ತು, ಎಡ ಮೊಣಕೈ ಹೊರಗೆ ತಿರುಗಿತ್ತು. ಬೆಳಕು ಬೆನ್ನ ಹಿಂದಿತ್ತು, ಮುಖ ಕಾಣುತ್ತಿರಲಿಲ್ಲ.

ಅವನು ಅಲ್ಲಿ ಕೂತಿದ್ದ.

ಹೀಗೆ ಬರೆದರೆ ಓದಿದವರು ಏನಾದರೂ ಅಂದುಕೊಳ್ಳಲಿ. ಸೀರೆ ಉಟ್ಟ, ಬಿಳಿ ತಲೆಯ, ಕುಳ್ಳಗಿನ ಹೆಂಗಸು ಕೂತಿದ್ದಾರೆ ಎಂದು ನನ್ನ ಕಣ್ಣಿಗೆ ಗೊತ್ತಿತ್ತು. ಆದರೂ ಆ ಭುಜ ಅವನದು. ಇಷ್ಟು ತಿಂಗಳು ನನ್ನ ಮೈಯಲ್ಲೇ ಹೊತ್ತು ತಂದು ನಾನೊಬ್ಬಳೇ ನೋಡದಿದ್ದವನನ್ನು ಆಗ ನೋಡಿದೆ. ಅತ್ತೆ ಸಂಜೆ ಸಂಜೆ ಯಾಕೆ ನಿಲ್ಲುತ್ತಿದ್ದರು ಎಂದು ಆಗ ಅರ್ಥವಾಯಿತು. ಅವರ ಜಾಗದಲ್ಲಿ ನಾನಿದ್ದರೆ ಬಾಲ್ಕನಿಯಲ್ಲೇ ಚಾಪೆ ಹಾಸಿಕೊಂಡು ಕಾಯುತ್ತಿದ್ದೆ. ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು. ಆ ಸದ್ದಿಗೆ ಅವರು ತಲೆ ಎತ್ತಿದರು. ಅವನು ಹೋದ.

“ಅತ್ತೆ, ಹಳೇದನ್ನೇ ಹಾಕ್ಬಿಡ್ಲಾ?” ಎಂದೆ. “ನಾನು ಹೆಂಗೋ ಓಡಿಸ್ತೀನಿ. ಕೈಗೆ ಏನಾದ್ರೂ ಪಟ್ಟಿ ಹಾಕ್ಕೊಂಡು ಓಡಿಸ್ತೀನಿ.”

ಅವರು ನನ್ನನ್ನೇ ನೋಡಿದರು. ನಾನು ಏನು ನೋಡಿದೆ ಎಂದು ಅವರಿಗೆ ತಿಳಿಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಹ್ಯಾಂಡಲನ್ನು ತೊಡೆಯಿಂದ ಇಳಿಸಿ ಗೋಡೆಗೆ ಒರಗಿಸಿದರು.

“ಬೇಡ. ನಿನ್ ಕೈ ಮರಗಟ್ಟಿ ಹೋಗಿದೆ, ಒತ್ತಿದ್ರೂ ತಿಳಿಯಲ್ಲ ನಿಂಗೆ. ಚುಮ್ಮಾ ಬೇಗ ಮುಗಿಸು.”

ಮುಗಿಸಿದೆ. ಸವೆದ ಗ್ರಿಪ್ಪುಗಳನ್ನು ಸೋಪಿನ ನೀರಲ್ಲಿ ಜಾರಿಸಿ ಕೂರಿಸಿದೆ. ಎಲ್ಲ ಬಿಗಿಮಾಡಿ, ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿ ಸ್ಟಾರ್ಟ್ ಮಾಡಿದೆ. ಎಂಜಿನ್ ಸಮನಾಗಿ ಗುನುಗುಟ್ಟಿತು. ನಾನು ಒಂದು ಪಕ್ಕದಲ್ಲಿ ಬಗ್ಗಿ ಕೇಬಲ್ಲುಗಳನ್ನು ನೋಡುತ್ತಾ, “ಅತ್ತೆ, ಹ್ಯಾಂಡಲ್ ಪೂರಾ ಎಡಕ್ಕೆ ತಿರುಗಿಸಿ ನೋಡೋಣ” ಎಂದೆ. ಅವರು ಎಡ ತುದಿ ಮಾತ್ರ ಹಿಡಿದು ತಿರುಗಿಸಿದರು. ಬಲಗಡೆಯ ಆಕ್ಸಿಲರೇಟರನ್ನು ಯಾರೂ ಮುಟ್ಟಿರಲಿಲ್ಲ. ಎಂಜಿನ್ ತಾನೇ ತಾನಾಗಿ ಏರತೊಡಗಿತು. ಪಾರ್ಕಿಂಗ್ ತುಂಬ ಮೊಳಗುವಂತೆ ಏರಿತು. ಅವನು ಊರಿಗೆ ಹೊರಡುವ ಮುಂಚೆ ಹೀಗೇ ಒಂದು ಸಲ ಏರಿಸಿ ಮೇಲಿನ ಬಾಲ್ಕನಿಗೆ ಕೈ ಬೀಸುತ್ತಿದ್ದ.

ಅತ್ತೆ ಕೈ ಬಿಟ್ಟು ಎದೆ ಮುಟ್ಟಿಕೊಂಡು ಹಿಂದಕ್ಕೆ ಸರಿದರು. ಹ್ಯಾಂಡಲ್ ನೆಟ್ಟಗಾಯಿತು, ಎಂಜಿನ್ ಇಳಿಯಿತು.

“ಅವನಿಗೆ ಇಷ್ಟ ಇಲ್ಲ ಕಣೇ” ಎಂದರು ಮೆಲ್ಲಗೆ.

ನನಗೆ ಕಾರಣ ಗೊತ್ತಿತ್ತು. ಎತ್ತರದ ಹ್ಯಾಂಡಲಿಗೆ ಹಳೇ ದಾರಿಯಲ್ಲಿ ಕೇಬಲ್ ಸಾಲುವುದಿಲ್ಲ. ಎಡಕ್ಕೆ ತಿರುಗಿಸಿದರೆ ಬಿಗಿಯಾಗಿ ಆಕ್ಸಿಲರೇಟರನ್ನು ತಾನೇ ಎಳೆಯುತ್ತದೆ. ಇದನ್ನು ನೋಡಲೆಂದೇ ನಾನು ಅವರಿಗೆ ತಿರುಗಿಸಲು ಹೇಳಿದ್ದು. ಎಲ್ಲ ಗೊತ್ತಿದ್ದೂ ನನ್ನ ಮೈ ಜುಮ್ಮೆಂದಿತ್ತು. ಎಂಜಿನ್ ಆರಿಸಿ, ಕೇಬಲನ್ನು ತೋರಿಸಿ, ಎಲ್ಲಿ ಬಿಗಿಯಾಗುತ್ತದೆ ಎಂದು ಬೆರಳಿಟ್ಟು ವಿವರಿಸಿದೆ. “ಅಪ್ಪಡಿಯಾ” ಎಂದರು. ಹೌದಾ ಎಂದು ಕೇಳುವವರು ಹಾಗೆ ಕೇಳುವುದಿಲ್ಲ, ಬೇಡವಾದ ಸುದ್ದಿ ಕೇಳಿದವರು ಹಾಗೆ ಕೇಳುತ್ತಾರೆ. ಕೇಬಲನ್ನು ಬಿಚ್ಚಿ, ಮುಂದಿನ ಫೋರ್ಕಿನ ಒಳಮಗ್ಗುಲಿನಿಂದ ಬೇರೆ ದಾರಿಯಲ್ಲಿ ತಂದು, ಮತ್ತೆ ಸ್ಟಾರ್ಟ್ ಮಾಡಿದೆ.

ಈ ಸಲ ನಾನು ಹೇಳುವ ಮುಂಚೆಯೇ ಅತ್ತೆ ಮುಂದೆ ಬಂದರು. ಹ್ಯಾಂಡಲನ್ನು ಪೂರಾ ಎಡಕ್ಕೆ ತಿರುಗಿಸಿ ಕಿವಿಗೊಟ್ಟು ನಿಂತರು. ಎಂಜಿನ್ ಸಮನಾಗಿತ್ತು. ಬಲಕ್ಕೆ ತಿರುಗಿಸಿದರು. ಮತ್ತೆ ಎಡಕ್ಕೆ, ಇನ್ನೂ ಸ್ವಲ್ಪ ಒತ್ತಿ. ಏನೂ ಇಲ್ಲ. ಅವರ ಮುಖ ಇಳಿಯಿತು. ಅದು ಇನ್ನೊಮ್ಮೆ ಏರಲಿ ಎಂದು ಅವರು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಕೊನೆಗೆ ಎಂಜಿನ್ ಆರಿಸಿದೆ. ಆಮೇಲೆ ಅವರು ಹಳೇ ಹ್ಯಾಂಡಲನ್ನು ಕಂಕುಳಲ್ಲಿ ಅವುಚಿ, ಸ್ಟೂಲು ತೆಗೆದುಕೊಂಡು ಲಿಫ್ಟಿನ ಕಡೆ ಹೋದರು. ಕಾಳು ಕಟ್ಟಿದ ಸೆರಗಿನ ಗಂಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಸಂಜೆ ಗಾಡಿ ನೋಡಲೆಂದು ವಂಡಲೂರಿನ ಕಡೆ ಒಂದು ಸುತ್ತು ಹೋಗಿ ಬಂದೆ. ಬೆನ್ನು ನೆಟ್ಟಗಿತ್ತು, ಭುಜಗಳೆರಡೂ ಒಂದೇ ಸಮ ಇದ್ದವು. ಕೈಗೆ ಅಷ್ಟು ಸುಖವಾಗಿರುವುದು ನನಗೆ ಹಿಂಸೆಯಾಯಿತು. ವಾಲಿಸಿದರೆ ಸದ್ದಿಲ್ಲ. ತಿರುಗಿಸಿದರೆ ಸದ್ದಿಲ್ಲ. ದಾರಿಯುದ್ದಕ್ಕೂ ಬರೀ ನಾನೊಬ್ಬಳೇ ಇದ್ದೆ. ವಾಚ್‌ಮನ್ ಗೇಟು ತೆಗೆದ. ಸಲ್ಯೂಟ್ ಹೊಡೆಯಲಿಲ್ಲ, “ವಾಂಗಮ್ಮಾ” ಎಂದು ಒಳಗೆ ಕರೆದ.

ಅತ್ತೆ ಬಾಲ್ಕನಿಯಲ್ಲಿ ನಿಂತಿದ್ದರು. ನಾನು ಗಾಡಿ ನಿಲ್ಲಿಸಿ ಹೆಲ್ಮೆಟ್ಟು ತೆಗೆಯದೆ ಕೂತೆ. ಬೇಕಾದರೆ ಮುಂದಕ್ಕೆ ಬಾಗಬಹುದಿತ್ತು, ಎಡಭುಜ ತಗ್ಗಿಸಬಹುದಿತ್ತು. ಒಂದು ಕ್ಷಣ ಹಾಗೆ ಮಾಡಲೂ ಹೊರಟೆ. ಆದರೆ ಮೇಲಿನಿಂದ ಅವರು ನೋಡುತ್ತಿದ್ದ ರೀತಿಯೇ ಬೇರೆಯಿತ್ತು. ಕಂಬಿ ಹಿಡಿದಿರಲಿಲ್ಲ, ಕೈ ಕಟ್ಟಿಕೊಂಡು ಕಾಯುತ್ತಿದ್ದರು. ಪಟ್ಟಿಗೆ ಕೈ ಹಾಕಿದೆ. ಅವರು ಒಳಗೆ ಹೋಗಲಿಲ್ಲ. ಹೆಲ್ಮೆಟ್ಟು ತೆಗೆದೆ. ಆಗಲೂ ಹೋಗಲಿಲ್ಲ. ಕೆದರಿದ ನನ್ನ ಕೂದಲು, ಬೆವರಿದ ನನ್ನ ಮುಖ, ಎಲ್ಲವನ್ನೂ ಸುಮ್ಮನೆ ನೋಡುತ್ತಾ ನಿಂತರು. ನಾನೂ ತಲೆ ಎತ್ತಿ ನಿಂತೆ. ಅವತ್ತು ಅವನು ಬರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

“ಮೇಲೆ ಬಾ” ಎಂದರು ಅಲ್ಲಿಂದಲೇ.

ಮೇಲೆ ಹೋದಾಗ ಡಿಕಾಕ್ಷನ್ ಇಳಿಯುತ್ತಿತ್ತು, ಹಾಲು ಕಾಯುತ್ತಿತ್ತು. ನಾನು ಕೈ ತೊಳೆದು ಬಂದು ಕೂತೆ. ಅತ್ತೆ ಕಾಫಿ ತಂದು ಕೊಟ್ಟು, ನನ್ನ ಎಡಗೈ ಲೋಟವನ್ನು ಗಟ್ಟಿಯಾಗಿ ಹಿಡಿಯುವವರೆಗೂ ತಾವೂ ಹಿಡಿದಿದ್ದು, ಆಮೇಲೆ ಬಿಟ್ಟರು. ಕಹಿಯಾಗಿರಲಿ ದೇವರೇ ಎಂದುಕೊಂಡು ಒಂದು ಗುಟುಕು ಕುಡಿದೆ.

ಸಕ್ಕರೆ ಹಾಕಿದ್ದರು.